ಗಾಡಿಕೆಟ್ಟೂರು

ನನ್ನನ್ನು ಕೊಟ್ಟ ಊರಿಗೆ ಹೆಸರಿರಲಿಲ್ಲ. ಮದುವೆ ನಿಶ್ಚಯವಾದಾಗ ಹೊರ್ತಿಯ ನಮ್ಮ ಓಣಿಯ ಹೆಂಗಸರು, "ಮಗಳನ್ನ ಯಾವೂರಿಗೆ ಕೊಟ್ಟಿ?" ಎಂದು ಕೇಳಿದರೆ ಅವ್ವ "ಇಂಡಿ ಕಡೆ" ಎನ್ನುತ್ತಿದ್ದಳು. ಹೊರ್ತಿಯೂ ಇಂಡಿ ತಾಲೂಕಿನದೇ ಆದ್ದರಿಂದ ಆ ಉತ್ತರದಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. "ಇಂಡಿ ಕಡೆ ಅಂದ್ರ ಯಾವೂರ?" ಎಂದು ಬಿಡದೆ ಕೇಳಿದರೆ "ಆಲಮೇಲದ ಹಾದಿಗೆ" ಎಂದು ಹೇಳಿ, ಒಲೆಯ ಮೇಲೆ ಹಾಲು ಉಕ್ಕಿತೆನ್ನುವಂತೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ನಾನು ಮುಲ್ಕಿ ಪರೀಕ್ಷೆ ಪಾಸಾದವಳು. ಕನ್ನಡ ಸಾಲಿಯಲ್ಲಿ ಏಳು ವರ್ಷ ಓದಿ ಆ ಪರೀಕ್ಷೆ ಮುಗಿಸಿದ ಹುಡುಗಿಯರು ಆಗ ನಮ್ಮ ಊರಲ್ಲಿ ತೀರ ಕಡಿಮೆ. ಮುಲ್ಕಿ ಆದವಳಿಗೆ ನೌಕರಿಯವನೇ ಬೇಕೆಂದು ಅಪ್ಪ ಎರಡು ವರ್ಷ ಹುಡುಕಿದ. ಕೊನೆಗೆ ಬಾವಿ ಇದ್ದ ಹೊಲದವನಿಗೆ ಕೊಟ್ಟ. ಗಂಡು ನೋಡಿ ಬಂದವನು, ಮನೆ ನೋಡಿ ಬಂದವನು, ಬಾವಿಗೆ ಇಣುಕಿ ನೀರಿನ ಆಳ ನೋಡಿ ಬಂದವನು ಎಲ್ಲ ನನ್ನ ಸೋದರಮಾವನೇ. ಅಪ್ಪ ಅವನ ಮಾತಿನ ಮೇಲೆ ಮದುವೆ ಮಾಡಿದ. "ಊರಿನ ಹೆಸರೇನು?" ಎಂದು ಅಪ್ಪ ಕೇಳಿದಾಗ ಸೋದರಮಾವ, "ಹೆಸರ ತಗೊಂಡ ಏನ ಮಾಡ್ತಿ, ಬಾವ್ಯಾಗ ನೀರ ಬತ್ತಾಂಗಿಲ್ಲ" ಎಂದನಂತೆ.

ಅದು ಊರಲ್ಲ, ವಸ್ತಿ. ನಮ್ಮ ಕಡೆ ಹೊಲದಲ್ಲೇ ಮನೆ ಕಟ್ಟಿಕೊಂಡು ನಾಲ್ಕಾರು ಕುಟುಂಬಗಳು ಇದ್ದರೆ ಅದನ್ನು ವಸ್ತಿ ಎನ್ನುತ್ತಾರೆ. ಇಂಡಿಯಿಂದ ಆಲಮೇಲಕ್ಕೆ ಹೋಗುವ ಗಾಡಿಹಾದಿಯ ಮಗ್ಗುಲಿಗೆ, ಇಂಡಿ ತಾಲೂಕು ಮುಗಿದು ಸಿಂದಗಿ ತಾಲೂಕು ಸುರುವಾಗುವಲ್ಲಿ, ಕಪ್ಪು ಎರಿಭೂಮಿಯ ನಡುವೆ ಒಂದು ಹಳ್ಳ, ಹಳ್ಳದ ದಂಡೆಗೆ ಹತ್ತೋ ಹನ್ನೊಂದೋ ಮಣ್ಣಿನ ಮನೆಗಳು, ಒಂದು ಬನ್ನಿಗಿಡ, ಒಂದು ಬಾವಿ. ಸಾಲಿ ಇಲ್ಲ, ಚಾವಡಿ ಇಲ್ಲ, ಅಂಗಡಿ ಇಲ್ಲ. ಇಂಡಿ ಕಡೆಯವರು ನಮ್ಮನ್ನು "ಆಚಿ ವಸ್ತಿ" ಎನ್ನುತ್ತಿದ್ದರು. ಸಿಂದಗಿ ಕಡೆಯವರೂ "ಆಚಿ ವಸ್ತಿ" ಎನ್ನುತ್ತಿದ್ದರು. ಎರಡೂ ಕಡೆಯವರಿಗೆ ನಾವು ಆಚೆಯವರೇ. ಸರಕಾರದ ಕಾಗದದಲ್ಲಿ ನಮ್ಮ ಮನೆಗಳೆಲ್ಲ ಎರಡು ಮೈಲಿ ದೂರದ ಒಂದು ದೊಡ್ಡ ಊರಿಗೆ ಸೇರಿದ್ದವು. ಆ ಊರಿನವರಿಗೆ ಇದು ಗೊತ್ತಾಗುತ್ತಿದ್ದುದು ಕಂದಾಯದ ಕಾಲಕ್ಕೆ ಮಾತ್ರ.

ಹೆಸರಿಲ್ಲದಿದ್ದರೂ ನಮ್ಮ ವಸ್ತಿಗೆ ಇತಿಹಾಸಕ್ಕೇನೂ ಕೊರತೆ ಇರಲಿಲ್ಲ. ಎರಡು ಇತಿಹಾಸಗಳಿದ್ದವು. ಒಂದು ನಮ್ಮ ಅತ್ತೆಯದು, ಇನ್ನೊಂದು ಬಾವಿಯ ಆಚೆ ದಂಡೆಯ ಮನೆಯ ಕಾಕಾನದು.

ಅತ್ತೆ ಬಸವನ ಬಾಗೇವಾಡಿ ಕಡೆಯವಳು. ಸೊಸೆಯಾಗಿ ಬಂದವಳೇ ಆದರೂ, ನಮ್ಮ ಮಾವನ ಮುತ್ಯಾ, ಅಂದರೆ ಅಜ್ಜ, ಈ ನೆಲಕ್ಕೆ ಕಾಲಿಟ್ಟಾಗ ತಾನು ಪಕ್ಕದಲ್ಲೇ ನಿಂತಿದ್ದಂತೆ ಹೇಳುತ್ತಿದ್ದಳು. ಮುತ್ಯಾನ ಕನಸಿನಲ್ಲಿ ಒಬ್ಬ ಸ್ವಾಮಿ ಬಂದು, "ನಿನ್ನ ಎತ್ತು ಎಲ್ಲಿ ಮಲಗತೈತೋ ಅಲ್ಲೆ ಮನಿ ಕಟ್ಟು" ಅಂದನಂತೆ. ಎತ್ತು ಮೂರು ಹಗಲು ನಡೆದು ಈ ಬನ್ನಿಗಿಡದ ಬುಡಕ್ಕೆ ಮಲಗಿತಂತೆ. ಈ ಕಥೆ ಹೇಳುವಾಗ ನಮ್ಮ ಮಾವ ಪಡಸಾಲೆಯಲ್ಲೇ ಕುಳಿತು ಹಗ್ಗ ಹೊಸೆಯುತ್ತಿರುತ್ತಿದ್ದ. ತನ್ನ ಸ್ವಂತ ಮುತ್ಯಾನ ವಿಷಯ ಬಂದಾಗಲೂ ಅವನು ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ. ಅವನು ಎತ್ತುಗಳ ಜೊತೆ ಮಾತ್ರ ಮನಸ್ಸು ಬಿಚ್ಚಿ ಮಾತಾಡುವ ಮನುಷ್ಯ.

ಕಾಕಾ ಮುಸಲ್ಮಾನರ ಪೈಕಿ, ನಮ್ಮಷ್ಟೇ ಹೊಲ ಇದ್ದ ರೈತ. ಎತ್ತರದ ಆಳು, ಬಿಳಿ ಗಡ್ಡ, ತಲೆಗೆ ಸದಾ ರುಮಾಲು. ಅವನ ಪ್ರಕಾರ ಅವನ ಮುತ್ಯಾ ಬಿಜಾಪುರದ ಬಾದಶಹನ ದಂಡಿನಲ್ಲಿ ಸವಾರನಾಗಿದ್ದ. ದಂಡಿನಿಂದ ಮರಳಿ ಬರುವಾಗ ಕುದುರೆ ದಣಿದು ಇದೇ ಹಳ್ಳದಲ್ಲಿ ನೀರು ಕುಡಿದು ಮುಂದೆ ಹೆಜ್ಜೆ ಇಡಲಿಲ್ಲ. ಬಾದಶಹನಿಗೂ ಕಾಕಾನ ಮುತ್ಯಾನಿಗೂ ನಡುವೆ ನೂರು ವರ್ಷಕ್ಕೂ ಹೆಚ್ಚು ಅಂತರ ಇರಬೇಕೆಂದು ಮುಲ್ಕಿ ಪಾಸಾದ ನನಗೆ ಗೊತ್ತಿತ್ತು. ಮೊದಲ ಸಲ ಕೇಳಿದಾಗ ಸೆರಗಿನ ಮರೆಯಲ್ಲಿ ಅದನ್ನು ಹೇಳಿಯೂ ಹೇಳಿದೆ. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. "ಆಗಿನ ಮಂದಿ ಭಾಳ ದಿವಸ ಬದಕತಿದ್ರವ್ವ" ಎಂದ.

ಕಾಕಾ ಅತ್ತೆಯನ್ನು "ವೈನಿ" ಎಂದು ಕರೆಯುತ್ತಿದ್ದ. ಅಣ್ಣನ ಹೆಂಡತಿ ಎಂಬ ಗೌರವ ಅದು. ಅತ್ತೆ ಅವನನ್ನು "ತಮ್ಮಾ" ಎನ್ನುತ್ತಿದ್ದಳು. ಅವಳಿಗಿಂತ ಅವನು ಹತ್ತು ವರ್ಷವಾದರೂ ದೊಡ್ಡವನು. ಆದರೆ ತಮ್ಮಾ ಎಂದು ಕರೆದರೆ ಅವರ ಮನೆತನ ನಮ್ಮ ಮನೆತನಕ್ಕಿಂತ ಸಣ್ಣದೆಂದು ದಿನಾ ಬಾವಿಕಟ್ಟೆಯ ಮೇಲೆ ಸಾರಿದಂತೆ ಆಗುತ್ತಿತ್ತು.

"ತಮ್ಮಾ, ನಿಮ್ಮ ಮುತ್ಯಾ ಬರೂ ಹೊತ್ತಿಗೆ ನಮ್ಮ ಮುತ್ಯಾ ಈ ಬಾವಿ ತೋಡಿಸಿ ನೀರ ಕುಡ್ಯಾಕತ್ತಿದ್ದ."

"ಹೌದ್ರಿ ವೈನಿ. ಆ ಬಾವಿ ಮಣ್ಣ ಹೊತ್ತದ್ದು ನಮ್ಮ ಮುತ್ಯಾನ ಕುದರಿನ."

ಹೀಗೆ ಇಬ್ಬರೂ ಒಂದೇ ಬಾವಿಯ ಎರಡು ದಂಡೆಗೆ ನಿಂತು ದಿನಾ ಬೆಳಿಗ್ಗೆ ಚರಿತ್ರೆ ಬಿಚ್ಚುತ್ತಿದ್ದರು. ಇಂಡಿಯಿಂದ ನಮ್ಮಲ್ಲಿಗೆ ಬರುವ ದಾರಿಯಲ್ಲಿ ಸಾಲೋಟಗಿ ಇದೆ. ಅಲ್ಲಿ ಹಳೆಗಾಲದ ಅಕ್ಷರ ಕೆತ್ತಿದ ಕಲ್ಲುಗಂಬವಿದೆ, ದೂರದ ಊರುಗಳಿಂದ ತಿಳಿದವರು ಬಂದು ಓದಿ ಹೋಗುತ್ತಾರೆ. ಸಾಲೋಟಗಿಯವರು ಅದನ್ನು ನಮ್ಮ ಮುಂದೆ ಆಗಾಗ ನೆನಪಿಸುತ್ತಿದ್ದರು. ಅತ್ತೆಗೆ ಅದೇನೂ ಅಂಥ ದೊಡ್ಡ ವಿಷಯವಾಗಿ ಕಂಡಿರಲಿಲ್ಲ. "ಬಾಯಿ ಇಲ್ಲದವರು ಕಲ್ಲಿಗೆ ಬರಸ್ತಾರ" ಎನ್ನುತ್ತಿದ್ದಳು.

ಹೆಸರಿಲ್ಲದ ಊರಿನ ಕಷ್ಟ ನನಗೆ ಸರಿಯಾಗಿ ಮುಟ್ಟಿದ್ದು ಮದುವೆಯಾದ ಮೊದಲ ಪಂಚಮಿಗೆ. ನಮ್ಮ ಕಡೆ ನಾಗರ ಪಂಚಮಿಗೆ ಹೊಸ ಸೊಸೆಯನ್ನು ತವರಿನವರು ಬಂದು ಕರೆದೊಯ್ಯಬೇಕು. ಅಪ್ಪ ಬರುತ್ತಾನೆಂದು ನಾನು ಬೆಳಿಗ್ಗೆಯೇ ತಲೆಗೆ ಎಣ್ಣೆ ಹಾಕಿ, ಹಸಿರು ಇಳಕಲ್ ಸೀರೆ ಉಟ್ಟು, ಬನ್ನಿಗಿಡದ ಕಡೆ ಮುಖ ಮಾಡಿ ಅಕ್ಕಿ ಆರಿಸುವ ನೆಪದಲ್ಲಿ ಕುಳಿತೆ. ಆ ಅಕ್ಕಿಯಲ್ಲಿ ಕಲ್ಲೇ ಇರಲಿಲ್ಲ. ಹೊತ್ತು ಮುಳುಗುವವರೆಗೂ ಅಪ್ಪ ಬರಲಿಲ್ಲ. ಅತ್ತೆ ಮೊದಲು "ಬರ್ತಾನ ತಗೋ" ಎಂದಳು, ಆಮೇಲೆ "ಹೊಳಿ ಬಂದಿರಬೇಕು" ಎಂದಳು, ಕೊನೆಗೆ ನನ್ನ ಮುಂದಿದ್ದ ಮೊರವನ್ನು ತೆಗೆದುಕೊಂಡು ಹೋದಳು. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇಷ್ಟೆಂದು ಹೇಳಲಾರೆ.

ಅಪ್ಪ ಬಂದಿದ್ದ. ಇಂಡಿಯ ತನಕ ಬಂದು, ಅಲ್ಲಿಂದ ಯಾರದೋ ಗಾಡಿ ಹಿಡಿದು, "ಆಲಮೇಲದ ಹಾದ್ಯಾಗ ಆಚಿ ವಸ್ತಿ" ಎಂದು ಕೇಳುತ್ತ ಕೇಳುತ್ತ ಬಂದಿದ್ದ. ಕೇಳಿದವರೆಲ್ಲ ತಮಗೆ ಯಾವುದು ಆಚೆಯೋ ಅದನ್ನು ತೋರಿಸಿದ್ದರು. ಹಾಗೆ ಅಪ್ಪ ತಲುಪಿದ್ದು ಭೀಮಾ ಹೊಳೆಯ ಹತ್ತಿರದ ಇನ್ನೊಂದು ವಸ್ತಿಗೆ. ಅಲ್ಲಿಯೂ ಒಬ್ಬ ಹೊಸ ಸೊಸೆ ತವರಿನ ದಾರಿ ಕಾಯುತ್ತ ಕುಳಿತಿದ್ದಳಂತೆ. "ಬೀಗರು ಬಂದ್ರು" ಎಂದು ಮನೆಯವರು ಕಾಲಿಗೆ ನೀರು ಕೊಟ್ಟು, ಕಂಬಳಿ ಹಾಸಿ ಕೂರಿಸಿದರು. ಆ ಹುಡುಗಿ ಒಳಗಿನಿಂದ ಓಡಿ ಬಂದು, ಅಪ್ಪನ ಮುಖ ನೋಡಿ, ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪನೂ ಅವಳ ಮುಖ ನೋಡಿದ. ಇಬ್ಬರಿಗೂ ಬೇಕಾದವರು ಇಬ್ಬರೂ ಅಲ್ಲ.

ಅವಳ ಅಪ್ಪನೂ ಅಂದು ಬಂದಿರಲಿಲ್ಲ. ನನ್ನಪ್ಪ ನನಗೆಂದು ತಂದಿದ್ದ ಶೇಂಗಾ ಉಂಡಿ, ಎಳ್ಳಿನ ಉಂಡಿ, ಅಳ್ಳಿಟ್ಟು ಎಲ್ಲವನ್ನೂ ಅವಳ ಉಡಿಗೆ ಹಾಕಿ ಹೊರ್ತಿಗೆ ತಿರುಗಿ ಹೋದ. ಇದೆಲ್ಲ ನನಗೆ ತಿಳಿದದ್ದು ದೀಪಾವಳಿಗೆ ನನ್ನ ಗಂಡನೇ ಗಾಡಿ ಕಟ್ಟಿಕೊಂಡು ನನ್ನನ್ನು ತವರಿಗೆ ಬಿಟ್ಟಾಗ. "ಆ ಕೂಸಿನ ಮಾರಿ ನೋಡಿ ಬರೇ ಕೈಲೆ ಏಳಾಕ ಆಗಲಿಲ್ಲವ್ವ" ಎಂದ ಅಪ್ಪ. ಒಳ್ಳೆಯ ಕೆಲಸ ಮಾಡಿದಿ ಎಂದೆ. ಉಂಡಿಯ ವಿಷಯದಲ್ಲಿ ಆ ಕಾಣದ ಹುಡುಗಿಯ ಮೇಲೆ ನನಗೆ ಬಹಳ ದಿನ ಹೊಟ್ಟೆಕಿಚ್ಚು ಇತ್ತು.

ತಿರುಗಿ ಬಂದವಳೇ ನಾನು ಗಂಡನಿಗೆ ಹೇಳಿದೆ, "ಈ ವಸ್ತಿಗೆ ಏನರ ಒಂದು ಹೆಸರ ಇಡ್ರಿ."

"ಇಡೂದೇನೋ ಇಡಬಹುದು" ಎಂದ ಅವನು. "ಯಾರ ಹೆಸರ ಇಡೂದು?"

ಆ ಪ್ರಶ್ನೆಯ ಆಳ ನನಗಾಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ರಾಜ್ಯ ಕೂಡಿ ನಾವು ಮುಂಬಯಿ ಸರಕಾರದಿಂದ ಮೈಸೂರು ಸರಕಾರಕ್ಕೆ ಬಂದಿದ್ದೆವು. ನಮ್ಮ ವಸ್ತಿಗೆ ಆ ಸುದ್ದಿ ಮುಟ್ಟಿದ್ದು ಸಂತೆಗೆ ಹೋದವರಿಂದ. ಒಂದೆರಡು ವರ್ಷದಲ್ಲಿ ಗಾಡಿಹಾದಿಗೆ ಗರಸಿನ ಕಲ್ಲುಮಣ್ಣು ಬಿತ್ತು, ಇಂಡಿಯಿಂದ ಆಲಮೇಲದ ಮೇಲೆ ಸಿಂದಗಿಗೆ ಬಸ್ಸು ಸುರುವಾಯಿತು. ದಿನಕ್ಕೊಮ್ಮೆ ಹೋಗುತ್ತಿತ್ತು, ಒಮ್ಮೆ ಬರುತ್ತಿತ್ತು. ನಮ್ಮ ಮುಂದೆಯೇ ಧೂಳೆಬ್ಬಿಸಿ ಹೋಗುತ್ತಿದ್ದರೂ ನಿಲ್ಲುತ್ತಿರಲಿಲ್ಲ. ನಿಲ್ಲಲು ಅದು ಊರಾಗಿರಬೇಕಲ್ಲ. ಕೈ ಮಾಡಿದರೆ ಕಂಡಕ್ಟರು ಅವನೂ ಕೈ ಮಾಡಿ ಹೋಗುತ್ತಿದ್ದ.

ಚಳಿಗಾಲದ ಒಂದು ಮಧ್ಯಾಹ್ನ ಆ ಬಸ್ಸು ನಮ್ಮ ಬನ್ನಿಗಿಡದ ಎದುರಿಗೆ ಬಂದು, ಒಮ್ಮೆ ದೊಡ್ಡದಾಗಿ ಕೆಮ್ಮಿ, ನಿಂತಿತು. ಡ್ರೈವರ್ ಇಳಿದು ಮುಂದಿನ ಮುಚ್ಚಳ ಎತ್ತಿದ. ಹೊಗೆ ಬಂತು. ಅವನು ಡಬ್ಬ ಹಿಡಿದು ನಮ್ಮ ಮನೆಗೆ ಬಂದ.

"ಅವ್ವಾರ, ಗಾಡಿಗೆ ನೀರ ಬೇಕಾಗಿತ್ರಿ."

"ಇದೂ ಎತ್ತಿನಂಗ ನೀರ ಕುಡಿತೈತೇನು?" ಎಂದಳು ಅತ್ತೆ.

"ಎತ್ತಿಗಿಂತ ಜಾಸ್ತಿ ಕುಡಿತೈತ್ರಿ. ಕೆಲಸ ಮಾತ್ರ ಎತ್ತಿನಷ್ಟ ಮಾಡೂದಿಲ್ಲ."

ನೀರು ಕುಡಿದರೂ ಗಾಡಿ ಏಳಲಿಲ್ಲ. ಒಳಗೆ ಏನೋ ಮುರಿದಿದೆ, ಆಲಮೇಲದಿಂದ ಸಾಮಾನು ಬರಬೇಕು ಎಂದು ಡ್ರೈವರ್ ಹೇಳಿದ. ಅವನು ಆ ಕಡೆ ಹೊರಟಿದ್ದ ಒಬ್ಬರ ಸೈಕಲ್ ಹಿಂದೆ ಕುಳಿತು ಹೋದ. ಬಸ್ಸಿನಲ್ಲಿದ್ದ ಮಂದಿ, ಹೆಂಗಸರು ಮಕ್ಕಳು ಸೇರಿ, ಕೆಳಗಿಳಿದು ಬನ್ನಿಗಿಡದ ನೆರಳಿಗೆ ಕುಳಿತರು. ನಮ್ಮ ವಸ್ತಿಗೆ ಅಷ್ಟು ಜನ ಒಮ್ಮೆಲೇ ಬಂದದ್ದು ಅದೇ ಮೊದಲು.

ಅತ್ತೆ ಒಳಗೆ ಬಂದು ನನಗೆ ರೊಟ್ಟಿ ಬಡಿಯಲು ಹೇಳಿದಳು. "ಅಷ್ಟು ಮಂದಿಗೆ ಬಡೀಬೇಕಾಗತೈತಿ, ಅತ್ತಿ" ಎಂದೆ. "ಬಡಿ. ಇಲ್ಲಂದ್ರ ಆಚಿ ದಂಡೀಂವ ಉಣ್ಣಾಕ ಹಾಕಿ, ಊರ ತನ್ನದಂತ ಹೇಳಿಬಿಡ್ತಾನ" ಎಂದಳು. ನಾನು ಎರಡು ಒಲೆ ಹೊತ್ತಿಸಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ ತಯಾರಿಸತೊಡಗಿದೆ.

ಆಚೆ ದಂಡೆಯವನು ಸುಮ್ಮನಿರಲಿಲ್ಲ. ತನ್ನ ಮನೆಯಲ್ಲಿ ಬೇಯಿಸಿದ್ದನ್ನು ಬಸ್ಸಿನ ಮಂದಿಯಲ್ಲಿ ಅರ್ಧದಷ್ಟು ಜನ ಮುಟ್ಟುವುದಿಲ್ಲವೆಂದು ಕಾಕಾನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಹೊಲದಲ್ಲಿ ಬಿಳಿಜೋಳ ಹಾಲು ಕಟ್ಟಿ ನಿಂತಿತ್ತು. ಮಗನಿಂದ ಎಳೆ ತೆನೆಗಳನ್ನು ಮುರಿಸಿ ತಂದು, ಗಿಡದ ಹತ್ತಿರವೇ ಸಣ್ಣ ಕುಣಿ ತೆಗೆದು, ಸೆಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು ಸೀತನಿ ಮಾಡತೊಡಗಿದ. ಬಿಸಿ ತೆನೆಯನ್ನು ತಿಕ್ಕಿದರೆ ಹಸಿರು ಕಾಳು ಉದುರುತ್ತವೆ, ಬೆಲ್ಲದ ಜೊತೆ ತಿಂದರೆ ಹಾಲಿನ ರುಚಿ. "ತಿನ್ರಿ, ಇದು ಅಡಗಿ ಅಲ್ರಿ" ಎಂದು ಕಾಕಾ ಎಲ್ಲರ ಕೈಗೂ ಹಾಕಿದ. "ಬೆಂಕ್ಯಾಗ ಸುಟ್ಟೇವಿ. ಬೆಂಕಿಗೆ ಯಾರ ಮನಿ ಕುಳ್ಳ ಅನ್ನೂದ ಗೊತ್ತಾಗಾಂಗಿಲ್ಲ."

ಎಲ್ಲರೂ ತಿಂದರು. ಮಡಿ ಎಂದು ಮೊದಲು ಮುಖ ತಿರುಗಿಸಿದ್ದ ಒಬ್ಬರು ಎಲ್ಲರಿಗಿಂತ ಹೆಚ್ಚು ತಿಂದರು. ನನ್ನ ರೊಟ್ಟಿ ಹೊರಗೆ ಬರುವ ಹೊತ್ತಿಗೆ ಅರ್ಧ ಜನರ ಹೊಟ್ಟೆ ತುಂಬಿತ್ತು. ಅತ್ತೆಯ ಮುಖ ಹಂಚಿನಷ್ಟು ಕಾದಿತ್ತು.

ಉಂಡಾದ ಮೇಲೆ ಮಾತು ಸುರುವಾಯಿತು. ಇದು ಯಾವ ಊರು ಎಂದು ಯಾರೋ ಕೇಳಿದರು. ಅತ್ತೆ ಕಾಯುತ್ತಿದ್ದುದೂ ಅದನ್ನೇ. ಸ್ವಾಮಿ, ಕನಸು, ಎತ್ತು ಎಲ್ಲವನ್ನೂ ಹೇಳಿದಳು. ಅವಳು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಕಾಕಾ ಬಾದಶಹನನ್ನು ತಂದ. ಬಸ್ಸಿನ ಮಂದಿ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ನೋಡುತ್ತ ಕುಳಿತರು.

ಅವರಲ್ಲಿ ಒಬ್ಬ ಹಣ್ಣುಹಣ್ಣು ಮುದುಕಿ ಇದ್ದಳು. ನಮ್ಮ ಜಮೀನು ಕಾಗದದಲ್ಲಿ ಸೇರಿದ್ದ ಆ ದೊಡ್ಡ ಊರಿನವಳೇ, ಮೊಮ್ಮಗಳ ಬಾಣಂತನಕ್ಕೆ ಆಲಮೇಲಕ್ಕೆ ಹೊರಟಿದ್ದಳು. ಹಲ್ಲಿಲ್ಲದ ಬಾಯಲ್ಲಿ ಸೀತನಿ ನುರಿಸುತ್ತ ಅಷ್ಟೂ ಹೊತ್ತು ಕೇಳಿಸಿಕೊಂಡವಳು, "ಎಲ್ಲಿ ಕುದರಿ, ಎಲ್ಲಿ ಸ್ವಾಮಿ" ಎಂದಳು.

ಗಿಡದ ಕೆಳಗಿದ್ದವರೆಲ್ಲ ಅವಳ ಕಡೆ ತಿರುಗಿದರು.

"ಇವರಿಬ್ಬರ ಮುತ್ಯಾಗೋಳೂ ನಮ್ಮೂರವರ" ಎಂದಳು ಮುದುಕಿ. "ಎತ್ತು ಒಬ್ಬಂದು, ಗಾಡಿ ಒಬ್ಬಂದು. ಇಬ್ಬರೂ ಕೂಡಿ ಬಿತ್ತೂ ಜ್ವಾಳ ಹೇರಿಕೊಂಡು ಆಲಮೇಲಕ್ಕ ಮಾರಾಕ ಹೊಂಟಿದ್ರಂತ. ಈ ಹಳ್ಳದಾಗ ಗಾಡಿ ಅಚ್ಚು ಮುರೀತು. ಒಬ್ಬಾಂವ ಊರಿಗೆ ಹೋಗಿ ಬಡಿಗ್ಯಾನ್ನ ಕರಕೊಂಡ ಬರಬೇಕಲ್ಲ. ಯಾರು ಹೋಗೂದು? ಇಂವ ಹ್ವಾದ್ರ ಅಂವ ಜ್ವಾಳ ಮಾರ್ಯಾನು ಅಂತ ಇವಂಗ ಅಂಜಿಕಿ. ಅಂವ ಹ್ವಾದ್ರ ಇಂವ ಎತ್ತು ಹೊಡಕೊಂಡ ಹೋದಾನು ಅಂತ ಅವಂಗ. ಇಬ್ಬರೂ ಹೋಗಲಿಲ್ಲ. ಒಬ್ಬರನ್ನೊಬ್ಬರು ಕಾಯ್ಕೋತ ಇಲ್ಲೇ ಕುಂತ್ರು. ಮ್ಯಾಲ ಮಳಿ ಬಂತು, ಗಾಡ್ಯಾಗಿನ ಜ್ವಾಳ ಮೊಳಕಿ ಒಡೀತು. ಮೊಳಕಿ ಬಂದ ಜ್ವಾಳ ಯಾರ ಕೊಳ್ತಾರ? ಇಲ್ಲೇ ಬಿತ್ತಿದ್ರು. ಬೆಳಿ ಕೊಯ್ಯೂತನಕ ಅಂತ ಗುಡಿಸಲ ಹಾಕಿದ್ರು."

"ಆಮ್ಯಾಲ?" ಎಂದು ಕಂಡಕ್ಟರು ಕೇಳಿದ.

"ಆಮ್ಯಾಲೇನು, ಇನ್ನೂ ಕೊಯ್ಯಾಕತ್ತಾರ" ಎಂದು ಮುದುಕಿ ನಮ್ಮ ಮನೆಗಳ ಕಡೆ ಕೈ ಮಾಡಿದಳು.

ಬಸ್ಸಿನ ಮಂದಿಯೆಲ್ಲ ನಕ್ಕರು. ಗಿಡದ ಬೊಡ್ಡೆಗೆ ಆತು ಕುಳಿತಿದ್ದ ನಮ್ಮ ಮಾವನೂ ನಕ್ಕ. ಅವನು ನಗುವುದನ್ನು ನಾನು ಕಂಡದ್ದು ಆಗಲೇ ಮೊದಲು. ಅವನಿಗೆ ಇದು ಮೊದಲೇ ಗೊತ್ತಿತ್ತೆಂದು ನನಗೆ ಇವತ್ತಿಗೂ ಅನುಮಾನ.

ಅತ್ತೆ ಮತ್ತು ಕಾಕಾ ಮಾತ್ರ ನಗಲಿಲ್ಲ. "ಆಯಿಗೆ ವಯಸ್ಸಾಗೇತಿ" ಎಂದಳು ಅತ್ತೆ. "ಹೌದ್ರಿ ವೈನಿ, ಮರವು ಬಂದೈತಿ" ಎಂದ ಕಾಕಾ. ನಾನು ಆ ಮನೆಗೆ ಬಂದ ಮೇಲೆ ಅವರಿಬ್ಬರೂ ಒಂದೇ ಮಾತಿಗೆ ಬಂದದ್ದನ್ನು ಅಂದೇ ನೋಡಿದೆ. ಆ ಒಗ್ಗಟ್ಟು ಬಸ್ಸು ದುರಸ್ತಿಯಾಗಿ ಹೊತ್ತು ಮುಳುಗುವ ಮುಂಚೆ ಹೊರಡುವ ತನಕ ಇತ್ತು. ಬಸ್ಸಿನ ಧೂಳು ಇಳಿಯುವ ಮೊದಲೇ ಅತ್ತೆ, "ಒಂದ ವ್ಯಾಳೆ ಗಾಡೀನ ಖರೆ ಅಂತ ತಿಳಕೊಂಡ್ರೂ, ಎತ್ತು ನಮ್ಮವು. ಎತ್ತಿನಾವ ಮುಂದ ಕುಂದರ್ತಾನ. ಮುಂದ ಕುಂತಾವ ಮೊದಲ ಬಂದಂಗ" ಎಂದಳು.

"ಗಾಡಿ ಖರೆ ಅಲ್ಲಂತ ಈಗರ ಹೇಳಿದ್ರೆಲ್ರಿ ವೈನಿ" ಎಂದ ಕಾಕಾ. "ಇಲ್ಲದ ಗಾಡ್ಯಾಗ ಮುಂದ ಯಾರು, ಹಿಂದ ಯಾರು?"

ಆ ದಿನದಿಂದ ಬಸ್ಸು ನಮ್ಮಲ್ಲಿ ನಿಲ್ಲತೊಡಗಿತು. ನಿಲ್ಲಬೇಕೆಂದು ಯಾರೂ ಹುಕುಂ ಮಾಡಿರಲಿಲ್ಲ. ಸೀತನಿ ಮುಗಿಯುವ ತನಕ ಅದರ ಎಂಜಿನ್ನು ಸರಿಯಾಗಿ ನಮ್ಮ ಬನ್ನಿಗಿಡದ ಎದುರಿಗೇ ಕಾಯುತ್ತಿತ್ತು. ಸೀತನಿ ಮುಗಿದ ಮೇಲೆ ಹಸಿ ಕಡಲೆಯ ಸುಲಗಾಯಿಗೆ ಕಾಯಿತು. ಅಷ್ಟರಲ್ಲಿ ಹತ್ತುವ ಇಳಿಯುವ ರೂಢಿ ಬಿದ್ದುಹೋಗಿತ್ತು. ಕಂಡಕ್ಟರಿಗೆ ಕೂಗಲು ಒಂದು ಹೆಸರು ಬೇಕಿತ್ತು. ಅವನು ಯಾರನ್ನೂ ಕೇಳಲಿಲ್ಲ.

"ಗಾಡಿಕೆಟ್ಟೂರ ಯಾರ್ರಿ? ಇಳೀರಿ ಲಗೂನ."

ಅದನ್ನು ಮೊದಲ ಸಲ ಕೇಳಿದ ದಿನ ಅತ್ತೆ ಊಟ ಮಾಡಲಿಲ್ಲ. ಆ ದೊಡ್ಡ ಊರಿನ ಹುಡುಗರು ನಮ್ಮ ಗಂಡಸರನ್ನು ಸಂತೆಯಲ್ಲಿ "ಏನ್ರಿ ಗಾಡಿಕೆಟ್ಟವರ" ಎಂದು ಮಾತಾಡಿಸತೊಡಗಿದರು. ಇದಕ್ಕೆ ಒಂದೇ ದಾರಿ, ನಾವೇ ಒಂದು ಒಳ್ಳೆಯ ಹೆಸರು ಬರೆದು ಬೋರ್ಡು ನೆಡುವುದು ಎಂದು ನನ್ನ ಗಂಡನೂ ಕಾಕಾನ ಮಗನೂ ಸೇರಿ ನಿರ್ಧರಿಸಿದರು. ಅವರಿಬ್ಬರೂ ಜೊತೆಗೆ ಆಡಿ ಬೆಳೆದವರು, ಮುತ್ಯಾಗಳ ಜಗಳ ಅವರಿಗೆ ಬೇಡವಾಗಿತ್ತು. ಇಂಡಿಗೆ ಹೋಗಿ ತಗಡು, ಕುಂಚ, ಬಿಳಿ ಬಣ್ಣ ತಂದರು. ಬರೆಯುವವಳು ನಾನು. ವಸ್ತಿಯಲ್ಲಿ ಅಕ್ಷರ ದುಂಡಗೆ ಬರೆಯುವವಳು ನಾನೊಬ್ಬಳೇ. ಅಪ್ಪ ಓದಿಸಿದ ಮುಲ್ಕಿ ಕೊನೆಗೂ ಉಪಯೋಗಕ್ಕೆ ಬಂತು.

ನಾನು ಕುಂಚ ಅದ್ದಿಕೊಂಡು ಕುಳಿತೆ. "ನಮ್ಮ ಮುತ್ಯಾನ ಹೆಸರ ಬರದು ಮುಂದ ಪುರ ಅಂತ ಹಚ್ಚು" ಎಂದಳು ಅತ್ತೆ. "ನಮ್ಮ ಮುತ್ಯಾನ ಹೆಸರ ಬರದು ಮುಂದ ವಾಡಿ ಅಂತ ಹಚ್ಚವ್ವ" ಎಂದ ಕಾಕಾ. ಕುಂಚದ ಬಣ್ಣ ಒಣಗಿತು. ಆ ಬೇಸಿಗೆಯಲ್ಲಿ ಮೂರು ಸಲ ಬಣ್ಣ ಕಲಸಿದೆ, ಮೂರು ಸಲವೂ ಒಣಗಿತು. ಹೊಸದಾಗಿ ಹುಟ್ಟಿದ್ದ ನನ್ನ ಮಗಳಿಗೆ ಹೆಸರಿಡಲು ಸಹ ಇಷ್ಟು ಹೊತ್ತು ಹಿಡಿದಿರಲಿಲ್ಲ.

ದಾರಿ ತೋರಿಸಿದವನು ನಮ್ಮ ಮಾವ. ಒಂದು ದಿನ ಎತ್ತಿಗೆ ನೀರು ಕುಡಿಸುತ್ತ, ಯಾರ ಕಡೆಯೂ ನೋಡದೆ, "ತಗಡಿಗೆ ಎರಡ ಮಗ್ಗಲ ಇರ್ತಾವ" ಎಂದ.

ಹಾಗೆ ನಮ್ಮ ವಸ್ತಿಗೆ ಎರಡು ಹೆಸರಾದವು. ಬೋರ್ಡನ್ನು ರಸ್ತೆಗೆ ಅಡ್ಡಲಾಗಿ ಕಾಣುವಂತೆ ಒಂದೇ ಗೂಟಕ್ಕೆ ಬಡಿದರು. ಇಂಡಿಯಿಂದ ಬರುವವರಿಗೆ ನಾವು ಒಂದು ಪುರ, ಆಲಮೇಲದಿಂದ ಬರುವವರಿಗೆ ಒಂದು ವಾಡಿ. ಇಂಡಿ ಪೇಟೆ ದೊಡ್ಡದು, ಆ ಕಡೆಯಿಂದ ಮಂದಿ ಹೆಚ್ಚು ಬರುತ್ತಾರೆಂದು ಅತ್ತೆಗೆ ಸಮಾಧಾನ. ಬಿಜಾಪುರದಿಂದ ದೊಡ್ಡ ಸಾಹೇಬರು ಬಂದರೆ ಸಿಂದಗಿ ಮೇಲೆ ಬರುತ್ತಾರೆಂದು ಕಾಕಾನಿಗೆ ಸಮಾಧಾನ. ದೊಡ್ಡ ಸಾಹೇಬರು ಯಾಕೆ ಬರಬೇಕೆಂದು ನಾವು ಕೇಳಲಿಲ್ಲ.

ಒಂದು ತಿಂಗಳೂ ಆಗಿರಲಿಲ್ಲ, ಯಾರದೋ ಎತ್ತು ಮೈ ತುರಿಸಿಕೊಳ್ಳಲು ಆ ಗೂಟಕ್ಕೆ ತಿಕ್ಕಿ ಬೋರ್ಡನ್ನು ಪೂರಾ ತಿರುಗಿಸಿಬಿಟ್ಟಿತು. ಪುರ ಆಲಮೇಲಕ್ಕೆ ಮುಖ ಮಾಡಿತು, ವಾಡಿ ಇಂಡಿಗೆ. ಎತ್ತು ಯಾರ ಮನೆಯದು ಎಂಬ ವಿಚಾರಣೆ ಒಂದು ವಾರ ನಡೆಯಿತು. ಕಂಡಕ್ಟರು ಮಾತ್ರ ಯಾವ ಮಗ್ಗಲನ್ನೂ ಓದದೆ "ಗಾಡಿಕೆಟ್ಟೂರ" ಎಂದು ಕೂಗುತ್ತಲೇ ಇದ್ದ.

ಆ ವರ್ಷದ ಪಂಚಮಿಗೆ ಕರೆಯಲು ಬರಬೇಕೆಂದು ನಾನು ಅಪ್ಪನಿಗೆ ಕಾಗದ ಬರೆದೆ. ಈಗ ಬಸ್ಸು ನಿಲ್ಲುತ್ತದೆ, ಊರಿನ ಹೆಸರು ಹೀಗಿದೆ ಎಂದು ಪುರದ ಹೆಸರನ್ನೇ ಬರೆದೆ. ಬರೆಯುವಾಗ ಅತ್ತೆ ಪಕ್ಕದಲ್ಲೇ ನಿಂತಿದ್ದಳು, ಇನ್ನೊಂದು ಹೆಸರು ಬರೆಯುವ ಹಾಗಿರಲಿಲ್ಲ. ಅಪ್ಪ ಇಂಡಿಯಲ್ಲಿ ಬಸ್ಸು ಹತ್ತಿ ಆ ಹೆಸರು ಹೇಳಿ ಟಿಕೀಟು ಕೇಳಿದ.

"ಅಂಥಾ ಊರ ಈ ಹಾದ್ಯಾಗ ಇಲ್ರಿ ಯಜಮಾನ್ರ" ಎಂದ ಕಂಡಕ್ಟರು.

ಈ ಸಲವೂ ಮಗಳು ಸಿಗುವುದಿಲ್ಲವೆಂದು ಅಪ್ಪನಿಗೆ ಅನಿಸಿತಂತೆ. ಮೊಣಕಾಲ ಮೇಲೆ ಉಂಡಿಯ ಗಂಟು. "ಅಲ್ರಿ, ಅಲ್ಲಿ ಒಂದು ಬಾವಿ ಐತಿ. ಎರಡೂ ದಂಡಿಗೆ ನಿಂತು ಜಗಳಾಡ್ತಾರಂತ, ನನ್ನ ಮಗಳ ಬರದಾಳ" ಎಂದ.

"ಓ, ಗಾಡಿಕೆಟ್ಟೂರೇನ್ರಿ? ಮೊದಲ ಹೇಳಬಾರದೇನ್ರಿ?" ಎಂದ ಕಂಡಕ್ಟರು. ಇಳಿಯುವಾಗ ಅಪ್ಪನ ಕೈಚೀಲ ತಾನೇ ಎತ್ತಿ ಕೊಟ್ಟನಂತೆ.

ನಾನು ಮಗಳನ್ನು ಸೊಂಟಕ್ಕಿಟ್ಟುಕೊಂಡು ಗಿಡದ ಕೆಳಗೆ ನಿಂತಿದ್ದೆ. ಅಪ್ಪ ಬಸ್ಸಿನಿಂದ ಇಳಿದು, ಧೂಳು ಹೋಗುವ ತನಕ ಕಣ್ಣು ಮುಚ್ಚಿ ನಿಂತು, ಆಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿ, "ಹಾಂ, ಈ ಸಲ ನೀನ ಇದ್ದಿ" ಎಂದ. ನನಗೆ ಅಳು ಬಂತು. ಅತ್ತೆ ಹಿಂದಿನಿಂದ ಬಂದು ಬೀಗರ ಕಾಲಿಗೆ ನೀರು ಕೊಟ್ಟು, "ಊರ ಹೆಸರ ಹೇಳಿದ ಕೂಡಲೆ ಸಿಕ್ಕಿತಲ್ರಿ?" ಎಂದು ಕೇಳಿದಳು. ಅಪ್ಪ ತಿಳಿದ ಮನುಷ್ಯ. "ಹೌದ್ರಿ, ಕೂಡಲೆ ಸಿಕ್ಕಿತ್ರಿ" ಎಂದ. ಯಾವ ಹೆಸರು ಎಂದು ಹೇಳಲಿಲ್ಲ.

ಕಾಕಾ ತೀರಿಕೊಂಡದ್ದು ಅದಾದ ಏಳೆಂಟು ವರ್ಷಕ್ಕೆ, ಒಂದು ಹಿಂಗಾರಿ ಬಿತ್ತನೆಯ ಕಾಲದಲ್ಲಿ. ಹೊಲದಲ್ಲಿ ಕೂರಿಗೆಯ ಹಿಂದೆ ನಡೆಯುತ್ತಿದ್ದವನು ಕುಳಿತ, ಕುಳಿತವನು ಏಳಲಿಲ್ಲ. ದೊಡ್ಡ ಊರಿನಿಂದ, ಆಲಮೇಲದಿಂದ, ಸಾಲೋಟಗಿಯಿಂದ ಮಂದಿ ಬಂದರು. ಅತ್ತೆ ಬೆಳಿಗ್ಗೆಯೇ ಹೋಗಿ ಅವರ ಮನೆಯ ಹೆಂಗಸರ ನಡುವೆ ಕುಳಿತವಳು, ಮಣ್ಣು ಮುಗಿಸಿ ಗಂಡಸರು ಹಿಂತಿರುಗುವ ತನಕ ಅಲ್ಲೇ ಇದ್ದಳು. ನೀರು ಸಹ ಕುಡಿದಿರಲಿಲ್ಲ.

ಅಂಗಳದಲ್ಲಿ ಕುಳಿತ ದೊಡ್ಡ ಊರಿನ ಹಿರಿಯರೊಬ್ಬರು ಮಾತಿಗೆ ಮಾತು ಬಂದು, "ಈ ವಸ್ತಿಗೆ ಮೊದಲ ಬಂದ ಮನೆತನ ಯಾವುದಂತೀರಿ? ಅದರ ಮ್ಯಾಲ ಇಲ್ಲಿ ಭಾಳ ವಾದ ಐತಂತ" ಎಂದರು. ಅದು ಕೇಳುವ ಹೊತ್ತಾಗಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಇವರ ಮುತ್ಯಾ" ಎಂದಳು. "ಗಾಡಿ ಹೊಡ್ಯಾಂವ ಇವರ ಮುತ್ಯಾ. ಮುಂದ ಕುಂತಿದ್ದ. ಅದಕ್ಕ ಮೊದಲ ಬಂದಂಗ."

ನನ್ನ ಗಂಡ ನನ್ನ ಮುಖ ನೋಡಿದ. ಆ ಗಾಡಿ ಇತ್ತೆಂದೇ ಅತ್ತೆ ಅಷ್ಟು ವರ್ಷ ಒಪ್ಪಿರಲಿಲ್ಲ. ಕಾಕಾನ ಮಗ ಅತ್ತು ಕೆಂಪಾದ ಕಣ್ಣು ಒರೆಸಿಕೊಂಡು, ಬಹಳ ಸಂಕೋಚದಿಂದ, "ಗಾಡಿ ಅಲ್ರಿ ದೊಡ್ಡವ್ವ" ಎಂದ. "ನಮ್ಮಪ್ಪ ಗಾಡಿ ಸುದ್ದಿ ಸುಳ್ಳಂತಿದ್ದ. ನಮ್ಮ ಮುತ್ಯಾ ಕುದರಿ ಮ್ಯಾಲ ಬಂದಾನಂತ."

ಬೇರೆ ದಿನವಾಗಿದ್ದರೆ ಆ ಕುದುರೆಯ ಕಥೆ ಅಲ್ಲೇ ಮುಗಿಯುತ್ತಿತ್ತು.

"ಆತು" ಎಂದಳು. "ಕುದರಿ ಮ್ಯಾಲ ಬಂದ. ನಾವು ಹಿಂದಿಂದ ನಡಕೋತ ಬಂದ್ವಿ."

ಮನೆಗೆ ಬರುವಾಗ ಬಾವಿಯ ಹತ್ತಿರ ನಿಂತು, ಕೈಕಾಲು ತೊಳೆದು, ಆಚೆ ದಂಡೆಯ ಕಡೆ ನೋಡದೆ ನಡೆದಳು. ನಾನು ಏನೋ ಸಮಾಧಾನ ಹೇಳಲು ಹೋದೆ. "ನೀ ಸುಮ್ನಿರು. ಸತ್ತಾವ ತಿರುಗಿ ಮಾತಾಡಾಂಗಿಲ್ಲ, ಅವನ ಮ್ಯಾಲ ಗೆದ್ದು ಏನ ಮಾಡೂದೈತಿ" ಎಂದಳು. ಅಂದಿನಿಂದ ಮೂರು ನಾಲ್ಕು ವಾರ ಅವಳು ಬೆಳಿಗ್ಗೆ ನೀರಿಗೆ ಹೋಗಲಿಲ್ಲ, ನನ್ನನ್ನೇ ಕಳಿಸಿದಳು. ಊಟ ಕಡಿಮೆ ಮಾಡಿದಳು, ಮಾತು ಅದಕ್ಕಿಂತ ಕಡಿಮೆ. ಮಾವ ಎತ್ತುಗಳ ಹತ್ತಿರ ಅದನ್ನೇ ಹೇಳಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಕಾಕಾನ ಮಗನ ಹೋರಿ ಕಣ್ಣಿ ಹರಿದುಕೊಂಡು ಬಂದು ನಮ್ಮ ಜೋಳದ ಕಣಿಕೆಯ ಬಣವೆಗೆ ಬಾಯಿ ಹಾಕಿತು. ಅತ್ತೆ ಕಟ್ಟಿಗೆ ಹಿಡಿದು ಹೊರಗೆ ಬಂದಳು. ಹೋರಿಯನ್ನು ಹೊಡೆಯಲಿಲ್ಲ. ಅದನ್ನು ಬಾವಿಯ ತನಕ ಅಟ್ಟಿಕೊಂಡು ಹೋಗಿ, ದಂಡೆಗೆ ನಿಂತು, ವಸ್ತಿಗೆಲ್ಲ ಕೇಳುವಂತೆ, "ಮೊದಲ ಬಂದವರಂತ ಹೇಳಿದ್ದಕ್ಕ ನಿನ್ನ ಹೋರಿ ನಮ್ಮ ಬಣಿವಿ ತಿನ್ನಬೇಕೇನೋ?" ಎಂದಳು. ಆಚೆ ದಂಡೆಗೆ ಬಂದ ಕಾಕಾನ ಮಗ ಮೊದಲು ತಲೆ ತಗ್ಗಿಸಿ ನಿಂತ. ಆಮೇಲೆ ಅವನಿಗೂ ತಡೆಯಲಾಗಲಿಲ್ಲ.

"ದೊಡ್ಡವ್ವ, ಆ ಬಣಿವಿ ಇರೂ ಜಾಗಾನೂ ನಮ್ದ ಅಂತ ನಮ್ಮಪ್ಪ ಹೇಳ್ತಿದ್ದ" ಎಂದ.

ಅತ್ತೆ ಕಟ್ಟಿಗೆ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾವಿಕಟ್ಟೆಯ ಮೇಲೆ ಕುಳಿತಳು. "ಏ ಹುಡುಗಿ, ನನಗ ಚಹಾ ಇಲ್ಲೇ ತಗೊಂಡ ಬಾ" ಎಂದು ನನ್ನನ್ನು ಕೂಗಿ ಹೇಳಿದಳು. ನಾನು ಚಹಾ ಒಯ್ದು ಕೊಟ್ಟೆ. ಅವನಿಗೂ ಒಂದು ಕಪ್ಪು ತಾ ಎಂದಳು.